ಮಾತ್ರೆ, ಪಥ್ಯ, ಒಂದು ನೋಟ್‌ಬುಕ್: ಫಿಟ್ಸ್ ಬರುವ ಮಗುವಿನ ಮನೆಯವರಿಗೆ

ನನ್ನ ಮಗನ ಊಟ ಬೇರೆ ಅಂತ ಗೊತ್ತಾದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಹಂಗಾರೆ ಮಾತ್ರೆ ಬಿಡಿಸ್ಬುಟ್ರಾ?"

ಇಲ್ಲ, ಬಿಡಿಸಿಲ್ಲ. ಅವನಿಗೆ ಈಗ ಏಳು ವರ್ಷ. ಮೂರನೇ ವರ್ಷದಲ್ಲಿ ಫಿಟ್ಸ್ ಶುರುವಾಯಿತು. ಎರಡು ಔಷಧ ಕೊಟ್ಟರೂ ಪೂರ್ತಿ ನಿಲ್ಲಲಿಲ್ಲ. ಹದಿನಾಲ್ಕು ತಿಂಗಳಿಂದ ಔಷಧದ ಜೊತೆಗೆ ಕೀಟೋ ಪಥ್ಯವೂ ನಡೆಯುತ್ತಿದೆ, ಅಂದರೆ ಅನ್ನ, ಮುದ್ದೆ, ಸಕ್ಕರೆ ತೀರಾ ಕಡಿಮೆ ಮಾಡಿ ಕೊಬ್ಬು ಹೆಚ್ಚಿಸಿದ ಊಟ. ಮಂಡ್ಯದಲ್ಲಿ ನನ್ನಂಥ ತಾಯಂದಿರು ಫೋನ್ ಮಾಡಿ ಕೇಳುತ್ತಾರೆ, ಔಷಧ ಒಳ್ಳೇದಾ, ಪಥ್ಯ ಒಳ್ಳೇದಾ ಅಂತ. ಪ್ರಶ್ನೆ ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಪಥ್ಯವೂ ಒಂದು ಔಷಧವೇ. ಅದಕ್ಕೂ ಡೋಸ್ ಇದೆ, ಅಡ್ಡಪರಿಣಾಮ ಇದೆ, ರಕ್ತಪರೀಕ್ಷೆ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕು. ಅದನ್ನು ಹೇಗೆ ಮಾಡುವುದು ಅಂತ ನಾನು ಕಲಿತ ಕ್ರಮದಲ್ಲೇ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿರುವುದನ್ನು ನಿಮ್ಮ ಡಾಕ್ಟರ ಮುಂದೆ ಕೂತು ಕೇಳಲು ಬಳಸಿ, ಅವರ ಬದಲಿಗೆ ಬಳಸಬೇಡಿ.

ಎಲ್ಲಕ್ಕಿಂತ ಮೊದಲು, ಫಿಟ್ಸ್ ಬಂದ ಹೊತ್ತಿಗೆ

ಮಗುವನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಗಡಿಯಾರ ನೋಡಿ. ಬಾಯೊಳಗೆ ಚಮಚ, ಬಟ್ಟೆ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಕೈಕಾಲು ಒತ್ತಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದು ನಡುವೆ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಇಟ್ಟುಕೊಳ್ಳಲು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಬರೆದುಕೊಡುತ್ತೀರಾ ಅಂತ ಡಾಕ್ಟರನ್ನು ಕೇಳಿ. ಮಗುವಿನ ತೂಕಕ್ಕೆ ಎಷ್ಟು ಸಲ ಒತ್ತಬೇಕು ಅಂತ ಅವರ ಕೈಯಲ್ಲೇ ಬಾಟಲಿ ಮೇಲೆ ಬರೆಸಿಕೊಳ್ಳಿ. ಗಾಬರಿಯಲ್ಲಿ ಯಾವ ಲೆಕ್ಕವೂ ನೆನಪಿಗೆ ಬರುವುದಿಲ್ಲ.

ಹಂತ 1: ನೋಟ್‌ಬುಕ್ ಇಡಿ

ಔಷಧವೋ ಪಥ್ಯವೋ ಅಂತ ಯೋಚಿಸುವ ಮೊದಲು, ಈಗ ಎಷ್ಟು ಫಿಟ್ಸ್ ಬರುತ್ತಿದೆ ಅಂತ ಗೊತ್ತಿರಬೇಕು ಅಲ್ವಾ? "ಆಗಾಗ ಬರುತ್ತೆ ಡಾಕ್ಟ್ರೇ" ಅಂದರೆ ಅವರು ಏನು ಮಾಡಬೇಕು? ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದೆ, ಪೆನ್ನಿಗೆ ದಾರ ಕಟ್ಟಿದೆ. ತಾರೀಖು, ಹೊತ್ತು, ಎಷ್ಟು ಸೆಕೆಂಡು, ಹೇಗಿತ್ತು, ಅದಕ್ಕೆ ಮುಂಚೆ ಏನಾಗಿತ್ತು. ಇಷ್ಟೇ. ಒಮ್ಮೆ ದಿಟ್ಟಿಸಿ ಸುಮ್ನೆ ಕೂತಿದ್ದೂ ಫಿಟ್ಸ್ ಆಗಿರಬಹುದು, ತಲೆ ತಟ್ಟನೆ ಬಗ್ಗಿದ್ದೂ ಆಗಿರಬಹುದು. ಅದನ್ನೂ ಬರೆಯಿರಿ. ಆಗದಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ನಾವು ಹತ್ತು ನಿಮಿಷ ವಿವರಿಸಿದ್ದನ್ನು ಡಾಕ್ಟರ್ ಇಪ್ಪತ್ತು ಸೆಕೆಂಡಿನ ವಿಡಿಯೋದಲ್ಲಿ ಕಂಡುಕೊಳ್ಳುತ್ತಾರೆ.

ನಮ್ಮ ಕಡೆ ಅಮಾವಾಸ್ಯೆ ಹುಣ್ಣಿಮೆಗೆ ಜಾಸ್ತಿ ಬರುತ್ತೆ ಅಂತಾರೆ. ಆರು ತಿಂಗಳ ಪುಟಗಳನ್ನು ಒಂಟಿಕೊಪ್ಪಲ್ ಪಂಚಾಂಗದ ಪಕ್ಕ ಇಟ್ಟು ನೋಡಿದೆ. ಹೊಂದಲಿಲ್ಲ. ಹೊಂದಿದ್ದು ನಿದ್ದೆಗೆಟ್ಟ ರಾತ್ರಿಗಳು. ಮದುವೆ ಮನೆ, ಊರಹಬ್ಬ, ಜ್ವರ, ಮತ್ತೆ ಎರಡು ಸಲ ಸಿರಪ್ ಖಾಲಿಯಾಗಿ ಒಂದು ಹೊತ್ತು ತಪ್ಪಿದ್ದು. ನಿದ್ದೆಯನ್ನು ಸರಿಮಾಡಿದ್ದರಿಂದಲೇ ತಿಂಗಳಿಗೆ ಎರಡು ಮೂರು ಕಡಿಮೆಯಾಯಿತು. ಅದಕ್ಕೆ ಔಷಧವೂ ಬೇಕಾಗಲಿಲ್ಲ, ಪಥ್ಯವೂ ಬೇಕಾಗಲಿಲ್ಲ.

ಇಲ್ಲೇ ಇನ್ನೊಂದು ಮಾತು. ತಲೆಗೆ ಬಿಸಿ ನೀರು ಹುಯ್ಯುವಾಗ ಬರುವ ಫಿಟ್ಸ್ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಬೇರೆ ಕಡೆಗಿಂತ ಜಾಸ್ತಿ. ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅದರ ಬಗ್ಗೆ ಬರೆದಿದ್ದಾರೆ. ವಾರಕ್ಕೊಮ್ಮೆ ಎಣ್ಣೆಸ್ನಾನ, ಹಂಡೆಯ ಸುಡು ನೀರು, ಚೊಂಬಿನ ಮೇಲೆ ಚೊಂಬು ನೆತ್ತಿಗೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೀಗೇ ತಲೆಸ್ನಾನ ಮಾಡಿಸುತ್ತಾರೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಫಿಟ್ಸ್ ಎಲ್ಲ ಬಚ್ಚಲುಮನೆಯಲ್ಲೇ ಬಂದಿದ್ದರೆ ಅದನ್ನು ಡಾಕ್ಟರಿಗೆ ಮೊದಲು ಹೇಳಿ. ನೀರು ಉಗುರುಬೆಚ್ಚಗೆ ಮಾಡಿ, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಮಕ್ಕಳಿಗೆ ಸಾಕಾಗುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕೊಡಲು ಕ್ಲೋಬಜಾಮ್ ಬರೆದುಕೊಡುತ್ತಾರೆ. ಅಂಥ ಮಗುವಿಗೆ ಮುದ್ದೆ ಬಿಡಿಸುವ ಅಗತ್ಯವೇ ಬರಲಿಕ್ಕಿಲ್ಲ.

ಹಂತ 2: ಯಾಕೆ ಬರುತ್ತಿದೆ ಅಂತ ಕೇಳಿ

ಜ್ವರ ಬಂದಾಗ ಮಾತ್ರ ಬರುವ ಫಿಟ್ಸ್ ಬೇರೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ ವರ್ಷಗಟ್ಟಲೆ ಮಾತ್ರೆ ಬೇಕಾಗುವುದಿಲ್ಲ. ಲಾಡಿಹುಳದ ಮೊಟ್ಟೆಯಿಂದ ಮೆದುಳಿನಲ್ಲಿ ಗಂಟಾಗಿದ್ದರೆ ಅದರ ದಾರಿ ಬೇರೆ. ಮೆದುಳಿನ ಒಂದು ಜಾಗದಲ್ಲಿ ಕಲೆ ಇದ್ದು ಅಲ್ಲಿಂದಲೇ ಫಿಟ್ಸ್ ಹುಟ್ಟುತ್ತಿದ್ದರೆ ಆಪರೇಷನ್ ಬಗ್ಗೆ ಕೇಳಬೇಕು. ಗ್ಲೂಕೋಸನ್ನು ಮೆದುಳಿಗೆ ಸಾಗಿಸುವ ಪ್ರೋಟೀನಿನ ಕೊರತೆ, ಅಂದರೆ ಗ್ಲಟ್-1 ಕೊರತೆ ಇದ್ದರೆ ಪಥ್ಯವೇ ಮೊದಲ ಚಿಕಿತ್ಸೆ. ಕಾರಣ ತಿಳಿಯದೆ ತೂಗಲು ಹೋದರೆ ಕಲ್ಲಿಲ್ಲದ ತಕ್ಕಡಿ ಹಿಡಿದಂತೆ.

ಅದಕ್ಕೇ ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ), ಎಂಆರ್‌ಐ (ಮೆದುಳಿನ ಸ್ಕ್ಯಾನ್). ಇಇಜಿಗೆ ಹೋಗುವ ಹಿಂದಿನ ದಿನ ತಲೆ ತೊಳೆಸಿ, ಎಣ್ಣೆ ಹಚ್ಚಬೇಡಿ. ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಚೆಲುವಾಂಬ ಮತ್ತು ಕೆ.ಆರ್. ಆಸ್ಪತ್ರೆ ಮೊದಲ ಬಾಗಿಲು. ಮುಂದೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಹೊರಡುವಾಗ ಹಳೇ ಚೀಟಿ, ಸ್ಕ್ಯಾನ್, ನೋಟ್‌ಬುಕ್ ಎಲ್ಲ ಒಂದೇ ಚೀಲದಲ್ಲಿರಲಿ.

ಹಂತ 3: ಔಷಧಕ್ಕೆ ಪೂರ್ತಿ ಅವಕಾಶ ಕೊಡಿ

ಫಿಟ್ಸ್ ಇರುವ ಮೂವರಲ್ಲಿ ಸುಮಾರು ಇಬ್ಬರಿಗೆ ಔಷಧದಿಂದಲೇ ನಿಲ್ಲುತ್ತದೆ. ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದರೆ ಎಷ್ಟೋ ಮಕ್ಕಳಿಗೆ ನಿಧಾನಕ್ಕೆ ಇಳಿಸಿ ನಿಲ್ಲಿಸುವುದೂ ಉಂಟು. ಮಾತ್ರೆ ಅಂದ ಕೂಡಲೇ ಹೆದರುವವರು ಇದನ್ನು ನೆನಪಿಡಿ. ಒಂದೇ ಔಷಧದಲ್ಲಿ ಫಿಟ್ಸ್ ನಿಂತ ಮಗುವಿಗೆ "ಕೆಮಿಕಲ್ ಬೇಡ" ಅಂತ ಪಥ್ಯಕ್ಕೆ ಬದಲಾಯಿಸುವುದು ನನ್ನ ಮಟ್ಟಿಗೆ ತಪ್ಪು ತೂಕ. ಔಷಧವನ್ನು ದಿಢೀರ್ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು.

ಔಷಧ ಕೆಲಸ ಮಾಡಲಿಲ್ಲ ಅನ್ನುವ ಮೊದಲು ನಾಲ್ಕು ವಿಷಯ ನೋಡಿ. ಮಗು ಬೆಳೆದಿದೆಯೇ? ಡೋಸ್ ತೂಕದ ಲೆಕ್ಕ. 12 ಕೆಜಿ ಇದ್ದಾಗ ಬರೆದಿದ್ದು 17 ಕೆಜಿಗೆ ಸಾಲದೆ ಹೋಗಬಹುದು. ಸಿರಪ್ಪನ್ನು ಯಾವುದರಲ್ಲಿ ಅಳೆಯುತ್ತೀರಿ? ಮನೆಯ ಚಮಚ ಬೇಡ, ಗೆರೆ ಇರುವ ಸಿರಿಂಜ್ ಬಳಸಿ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಒಂದು ಎಂಎಲ್‌ಗೆ ಎಷ್ಟು ಎಂಜಿ ಅಂತ ಲೇಬಲ್ ಓದಿ. ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡುತ್ತಿಲ್ಲ ತಾನೇ? ಕೊನೆಯದು, ಈ ಬಗೆಯ ಫಿಟ್ಸಿಗೆ ಇದೇ ಔಷಧ ಸರಿಯೇ ಅಂತ ಡಾಕ್ಟರನ್ನು ಕೇಳಿ. ಉದಾಹರಣೆಗೆ ಕಾರ್ಬಮಜೆಪಿನ್ ಕೆಲವು ಬಗೆಯ ಫಿಟ್ಸಿಗೆ ಒಳ್ಳೇದು. ಆದರೆ ದಿಟ್ಟಿಸಿ ಮರೆವಾಗುವ ಬಗೆ, ಮೈ ಜುಮ್ಮನೆ ಎಗರುವ ಬಗೆ ಅದರಿಂದ ಜಾಸ್ತಿಯೂ ಆಗಬಹುದು.

ಅಡ್ಡಪರಿಣಾಮಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬಿಡಿ. ನನ್ನ ಮಗ ಲೆವೆಟಿರಾಸೆಟಮ್ ಶುರುವಾದ ಮೂರನೇ ವಾರ ಸ್ಲೇಟು ಎಸೆದ, ತಂಗಿಯನ್ನು ಕಚ್ಚಿದ. "ಹಟ ಜಾಸ್ತಿ ಆಗಿದೆ" ಅಂತ ಅವನಿಗೇ ಬೈದೆ. ಸಿಟ್ಟು ಆ ಔಷಧದ ಅಡ್ಡಪರಿಣಾಮ ಅಂತ ಆಮೇಲೆ ತಿಳಿಯಿತು. ಆ ಬೈಗುಳ ಈಗಲೂ ನನ್ನನ್ನು ಚುಚ್ಚುತ್ತದೆ. ವಾಲ್ಪ್ರೋಯೇಟಿನಿಂದ ತೂಕ ಏರಬಹುದು, ಕೂದಲು ಉದುರಬಹುದು, ಲಿವರ್ ನೋಡಿಸಬೇಕು. ಹೆಣ್ಣುಮಕ್ಕಳಿಗಾದರೆ ಮುಂದೆ ದೊಡ್ಡವರಾದ ಮೇಲಿನ ಮಾತನ್ನೂ ಈಗಲೇ ಕೇಳಿಡಿ. ಬಸುರಿನಲ್ಲಿ ಅದು ಕೂಸಿಗೆ ತೊಂದರೆ ಮಾಡುತ್ತದೆ. ಟೋಪಿರಾಮೇಟಿಗೆ ಹಸಿವು ಕಡಿಮೆ, ಬೆವರು ಕಡಿಮೆ. ಕಾರ್ಬಮಜೆಪಿನ್, ಲಾಮೋಟ್ರಿಜಿನ್, ಫೆನಿಟಾಯಿನ್ ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ಗಂಧೆ ಎದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಹಂತ 4: ಪಥ್ಯದ ಮಾತು ಯಾವಾಗ ಎತ್ತಬೇಕು

ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ಸರಿಯಾದ ಡೋಸಿನಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರ ಅನ್ನುತ್ತಾರೆ. ಮೂರನೆಯ, ನಾಲ್ಕನೆಯ ಔಷಧದಿಂದ ಪೂರ್ತಿ ನಿಲ್ಲುವ ಸಾಧ್ಯತೆ ತುಂಬ ಕಡಿಮೆ. ಆಗ ಡಾಕ್ಟರನ್ನು ನೇರವಾಗಿ ಕೇಳಿ: "ಆಪರೇಷನ್‌ಗೆ ಆಗುತ್ತಾ ಅಂತ ನೋಡ್ತೀರಾ? ಕೀಟೋ ಪಥ್ಯ ಪ್ರಯತ್ನ ಮಾಡಬಹುದಾ?" ನಾನು ಇದನ್ನು ಕೇಳಲು ಒಂದು ವರ್ಷ ತಡಮಾಡಿದೆ. ಡಾಕ್ಟರೇ ಹೇಳಲಿ ಅಂತ ಕಾಯುತ್ತಿದ್ದೆ. ನೀವು ಕಾಯಬೇಡಿ.

ಪಥ್ಯ ಹೊಸದೇನಲ್ಲ. ಉಪವಾಸವಿದ್ದರೆ ಫಿಟ್ಸ್ ಕಡಿಮೆಯಾಗುತ್ತದೆ ಅಂತ ಜನ ಬಹಳ ಹಿಂದೆಯೇ ಕಂಡಿದ್ದರು. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್, ಉಪವಾಸ ಮಾಡಿಸದೆಯೇ ಮೈಯಲ್ಲಿ ಅದೇ ಸ್ಥಿತಿ ತರುವ ಊಟವನ್ನು ಸೂಚಿಸಿದರು. ಅನ್ನ, ಮುದ್ದೆ, ಸಕ್ಕರೆ ಸಿಗದಿದ್ದಾಗ ಲಿವರ್ ಕೊಬ್ಬನ್ನು ಒಡೆದು ಕೀಟೋನ್ ಮಾಡುತ್ತದೆ. ಮೆದುಳು ಗ್ಲೂಕೋಸಿನ ಬದಲು ಅದನ್ನು ಉರಿಸುತ್ತದೆ. ಅದರಿಂದ ಎಷ್ಟೋ ಮಕ್ಕಳಿಗೆ ಫಿಟ್ಸ್ ಕಡಿಮೆಯಾಗುತ್ತದೆ.

ಎಷ್ಟು ಕಡಿಮೆಯಾಗುತ್ತದೆ? ಲಂಡನ್ನಿನಲ್ಲಿ 145 ಮಕ್ಕಳ ಮೇಲೆ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳಲ್ಲಿ ಪಥ್ಯದಲ್ಲಿದ್ದ ನೂರರಲ್ಲಿ 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಯಿತು. ಪಥ್ಯ ಇಲ್ಲದವರಲ್ಲಿ ನೂರಕ್ಕೆ 6. ನಮ್ಮ ದೇಶದಲ್ಲೇ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವಲ್ಪ ಸಡಿಲವಾದ ಅಟ್ಕಿನ್ಸ್ ಪಥ್ಯ ಕೊಟ್ಟಾಗ ನೂರಕ್ಕೆ 52. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಿ. ಔಷಧಕ್ಕೆ ಬಗ್ಗದ ಮಕ್ಕಳಲ್ಲಿ ಇದು ದೊಡ್ಡ ಫಲ. ಹಾಗೇ, ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಕ್ಕಳಿಗೆ ಅಷ್ಟು ಫಲ ಸಿಗುವುದಿಲ್ಲ.

ಹಂತ 5: ಯಾವ ಪಥ್ಯ

ಹಳೆಯ, ಬಿಗಿಯಾದ ಕೀಟೋ ಪಥ್ಯದಲ್ಲಿ 4:1 ಅಂದರೆ ನಾಲ್ಕು ಗ್ರಾಂ ಕೊಬ್ಬಿಗೆ ಪ್ರೋಟೀನ್ ಮತ್ತು ಪಿಷ್ಟ (ಸಕ್ಕರೆಯೂ ಸೇರಿ ಎಲ್ಲ ಕಾರ್ಬೋಹೈಡ್ರೇಟ್) ಎರಡೂ ಸೇರಿ ಒಂದು ಗ್ರಾಂ. ಲೆಕ್ಕ ಹಾಕಿದರೆ ಊಟದ ಶಕ್ತಿಯಲ್ಲಿ ನೂರಕ್ಕೆ 90ರಷ್ಟು ಕೊಬ್ಬಿನಿಂದಲೇ ಬರಬೇಕು. ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗಬೇಕು. ಅಟ್ಕಿನ್ಸ್ ಮಾರ್ಪಾಡಿನಲ್ಲಿ ದಿನಕ್ಕೆ 10ರಿಂದ 20 ಗ್ರಾಂ ಪಿಷ್ಟ, ಪ್ರೋಟೀನಿಗೆ ಕಟ್ಟುಪಾಡಿಲ್ಲ. ಮೂರನೆಯದು ಕಡಿಮೆ ಗ್ಲೈಸೆಮಿಕ್ ಇಂಡೆಕ್ಸ್ ಪಥ್ಯ. ಅದರಲ್ಲಿ ದಿನಕ್ಕೆ 40ರಿಂದ 60 ಗ್ರಾಂ, ಅದೂ ರಕ್ತಕ್ಕೆ ನಿಧಾನವಾಗಿ ಸಕ್ಕರೆ ಬಿಡುವ ತಿನಿಸುಗಳಿಂದ. ದೆಹಲಿಯ ಏಮ್ಸ್ 170 ಮಕ್ಕಳಲ್ಲಿ ಈ ಮೂರನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿತು. ಮೂರರಲ್ಲೂ ಫಿಟ್ಸ್ ಇಳಿಯಿತು, ಮೂರನೆಯದರಲ್ಲಿ ತೊಂದರೆಗಳು ಕಡಿಮೆ ಇದ್ದವು. ಸಸ್ಯಾಹಾರಿ ಮನೆಗೆ, ಕೂಲಿಗೆ ಹೋಗುವ ತಾಯಿಗೆ ಮೂರನೆಯದು ಹಗುರ. ಹಸುಗೂಸಿಗೆ ಬಿಗಿಯಾದದ್ದೇ ಬೇಕಾಗಬಹುದು. ಆರಿಸುವುದು ಡಾಕ್ಟರ್ ಮತ್ತು ಡಯಟೀಶಿಯನ್. ನಿಮ್ಮ ಮನೆ ಹೇಗಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳುವುದು ನಿಮ್ಮ ಕೆಲಸ.

ಶುರು ಮಾಡುವ ಮೊದಲು ರಕ್ತ, ಮೂತ್ರ ಪರೀಕ್ಷೆ ಆಗಲೇಬೇಕು. ಕೊಬ್ಬನ್ನು ಒಡೆಯಲಾಗದ ಹುಟ್ಟುದೋಷ ಇರುವ ಮಗುವಿಗೆ ಈ ಪಥ್ಯ ಕೊಟ್ಟರೆ ಪ್ರಾಣಾಪಾಯ. ತೂಕ ಇಳಿಸಲು ದೊಡ್ಡವರು ಮಾಡುವ ಕೀಟೋವನ್ನು ಮೊಬೈಲಿನಲ್ಲಿ ನೋಡಿ ಮಗುವಿಗೆ ಶುರು ಮಾಡಬೇಡಿ ಅನ್ನುವುದು ಇದಕ್ಕೇ. ಟೋಪಿರಾಮೇಟ್ ಜೊತೆ ಪಥ್ಯ ಸೇರಿದರೆ ರಕ್ತದಲ್ಲಿ ಆಮ್ಲ ಏರುವ, ಕಿಡ್ನಿಯಲ್ಲಿ ಕಲ್ಲಾಗುವ ಭಯ ಜಾಸ್ತಿ. ಅದನ್ನೂ ಕೇಳಿ. ಮಲಬದ್ಧತೆ, ವಾಂತಿ, ಕೊಲೆಸ್ಟ್ರಾಲ್ ಏರುವುದು, ಎತ್ತರ ನಿಧಾನವಾಗುವುದು ಇವು ಪಥ್ಯದ ಕಡೆಯ ತೂಕ. ಕ್ಯಾಲ್ಸಿಯಂ, ವಿಟಮಿನ್ ಜೊತೆಗೇ ನಡೆಯಬೇಕು, ನೀರು ಚೆನ್ನಾಗಿ ಕುಡಿಸಬೇಕು.

ಹಂತ 6: ಅಡುಗೆಮನೆ

ನಮ್ಮ ಸೀಮೆಯಲ್ಲಿ ಕಷ್ಟ ಇರುವುದು ಇಲ್ಲೇ. 80 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ 50 ಗ್ರಾಂಗೂ ಮೇಲೆ ಪಿಷ್ಟ ಇರುತ್ತದೆ. ಅಟ್ಕಿನ್ಸ್ ಪಥ್ಯದ ಮಗುವಿಗೆ ಅದು ಮೂರು ನಾಲ್ಕು ದಿನದ ಪಾಲು. ಒಂದು ಲೋಟ, ಅಂದರೆ 200 ಎಂಎಲ್ ಹಸುವಿನ ಹಾಲಿನಲ್ಲೇ ಹತ್ತಿರ ಹತ್ತಿರ 10 ಗ್ರಾಂ. "ಸಿರಿಧಾನ್ಯ ಕೊಡಿ, ಅದರಲ್ಲೇನೂ ಆಗಲ್ಲ" ಅನ್ನುವವರು ಇದ್ದಾರೆ. ನವಣೆ, ಸಾಮೆಯಲ್ಲೂ ಪಿಷ್ಟವೇ ಹೆಚ್ಚು. ಬಿಗಿಯಾದ ಪಥ್ಯಕ್ಕೆ ಅವು ಆಗುವುದಿಲ್ಲ. ಬೆಲ್ಲ ಸಕ್ಕರೆಗಿಂತ ಒಳ್ಳೇದು ಅನ್ನುವ ನಮ್ಮ ಮಂಡ್ಯದ ನಂಬಿಕೆಯನ್ನು ಪಥ್ಯ ಮುಗಿಯುವವರೆಗೆ ಪಕ್ಕಕ್ಕಿಡಿ.

ಆಗುವುದೇನು? ಮೊಟ್ಟೆ, ಪನೀರ್, ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಹಸಿ ತೆಂಗು, ಕಡಲೆಕಾಯಿ, ಎಳ್ಳು, ಕೋಳಿ, ಮೀನು, ಸೊಪ್ಪು, ಸೌತೆ, ಹೀರೆ, ಸೋರೆ, ಎಲೆಕೋಸು, ಬದನೆ. ಎಲ್ಲವೂ ತೂಕದ ಲೆಕ್ಕದಲ್ಲೇ.

ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ತನ್ನಿ. ನನ್ನ ಬೆಳಗು ಹೀಗಿರುತ್ತದೆ. ಖಾಲಿ ಬಟ್ಟಲನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡುತ್ತೇನೆ. ಮೊಟ್ಟೆ ಒಡೆದು ಕದಡಿ ಹುಯ್ಯುತ್ತೇನೆ, 50. ಮತ್ತೆ ಸೊನ್ನೆ. ಬೆಣ್ಣೆ, 15. ಒಂದು ಗ್ರಾಂ ಜಾಸ್ತಿಯಾದರೆ ಚಾಕುವಿನ ತುದಿಯಲ್ಲಿ ತೆಗೆಯುತ್ತೇನೆ. ಬೇಯಿಸಿದ ಮೇಲೆ ಬಾಣಲೆಯಲ್ಲಿ ಉಳಿದ ಬೆಣ್ಣೆಯನ್ನು ರಬ್ಬರ್ ಸೌಟಿನಿಂದ ಕೆರೆದು ತಟ್ಟೆಗೆ ಹಾಕುತ್ತೇನೆ, ಯಾಕೆಂದರೆ ಅಲ್ಲಿ ಉಳಿದದ್ದೂ ಡೋಸೇ. ಸಿರಪ್ಪಿನ ಅರ್ಧವನ್ನು ಸಿರಿಂಜಿನಲ್ಲಿ ಬಿಡುತ್ತೇವೆಯೇ? ಕೊನೆಗೆ ಮಗ ತಟ್ಟೆಯನ್ನು ಬೆರಳಲ್ಲಿ ಬಳಿದು ನೆಕ್ಕುತ್ತಾನೆ. ಬೇರೆ ಮಕ್ಕಳಿಗೆ "ಹಾಗೆ ನೆಕ್ಕಬಾರದು" ಅಂತಾರೆ. ನಮ್ಮ ಮನೆಯಲ್ಲಿ ಅದು ನಿಯಮ.

ಸಕ್ಕರೆ ಅಡಗಿರುವ ಜಾಗ ಇನ್ನೂ ಇದೆ. ಜ್ವರದ ಸಿರಪ್, ಕೆಮ್ಮಿನ ಸಿರಪ್, ಕೆಲವು ಫಿಟ್ಸ್ ಸಿರಪ್ ಎಲ್ಲ ಸಿಹಿ. ಪಥ್ಯ ಶುರುವಾಗುವ ದಿನವೇ "ಸಕ್ಕರೆ ಇಲ್ಲದ್ದು ಕೊಡಿ, ಸಾಧ್ಯವಾದರೆ ಮಾತ್ರೆ ರೂಪದಲ್ಲಿ" ಅಂತ ಡಾಕ್ಟರಿಂದ ಬರೆಸಿಕೊಳ್ಳಿ.

ಹಂತ 7: ಮನೆಯವರು, ಶಾಲೆ, ಹಬ್ಬ

ನಮ್ಮ ಅತ್ತೆಗೆ ಮೊಮ್ಮಗನೆಂದರೆ ಪ್ರಾಣ. ಎರಡನೇ ವಾರ ಅವನ ಕೀಟೋನ್ ಇದ್ದಕ್ಕಿದ್ದಂತೆ ಇಳಿಯಿತು. ಮೂತ್ರಕ್ಕೆ ಅದ್ದುವ ಪಟ್ಟಿಯ ಬಣ್ಣ ತಿಳಿಯಾಯಿತು. ಕೇಳಿದರೆ ಸೆರಗಿನಂಚಿನಲ್ಲಿ ಕಲ್ಲುಸಕ್ಕರೆ ಗಂಟು. "ಒಂದ್ ಚೂರು ತಿಂದ್ರೆ ಏನಾಯ್ತದೆ ಕಣವ್ವ, ಮಗ ಬಾಯಿ ಬಾಯಿ ಬಿಡ್ತದೆ" ಅಂದರು. ನಾನು ಜಗಳ ಆಡಲಿಲ್ಲ. ಮರುದಿನ ಪಟ್ಟಿ ಅದ್ದುವ ಕೆಲಸವನ್ನೇ ಅವರಿಗೆ ಕೊಟ್ಟೆ. ಬಣ್ಣ ಗಾಢವಾದರೆ ಒಳ್ಳೇದು, ತಿಳಿಯಾದರೆ ಏನೋ ತಪ್ಪಿದೆ ಅಂತ ಹೇಳಿಕೊಟ್ಟೆ. ಈಗ ಮನೆಗೆ ಬಂದ ನೆಂಟರ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವವರೂ ಅವರೇ.

ಶಾಲೆಯಲ್ಲಿ ಬಿಸಿಯೂಟ, ಹಾಲು, ರಾಗಿ ಮಾಲ್ಟ್ ಬೇಡ ಅಂತ ಬರೆದುಕೊಡಿ. ಮೊಟ್ಟೆ, ಬಾಳೆಹಣ್ಣು ಹಂಚುವ ದಿನ ಇವನಿಗೆ ಮೊಟ್ಟೆ ಆಗುತ್ತದೆ, ಬಾಳೆಹಣ್ಣು ಆಗುವುದಿಲ್ಲ. ಆ ಮೊಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಕ್ರಾಂತಿಗೆ ನಾನು ಎಳ್ಳು, ಕೊಬ್ಬರಿ, ಕಡಲೆಕಾಯಿ ಮೂರನ್ನೇ ತೂಗಿ ಬೆರೆಸಿದೆ. ಬೆಲ್ಲ, ಹುರಿಗಡಲೆ ಬಿಟ್ಟೆ. ಅವನೂ ಪೊಟ್ಟಣ ಹಿಡಿದು ಬೀದಿಯ ಮಕ್ಕಳ ಜೊತೆ ಎಳ್ಳು ಬೀರಲು ಹೋದ.

ಹಂತ 8: ಮೂರು ತಿಂಗಳಿಗೆ ತೂಗಿ

ಒಂದು ಸಲಕ್ಕೆ ಒಂದೇ ಬದಲಾವಣೆ. ಪಥ್ಯ ಶುರುಮಾಡಿದ ತಿಂಗಳೇ ಔಷಧ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಡಾಕ್ಟರ್ ಬೇರೆ ಹೇಳದಿದ್ದರೆ ಮಾತ್ರೆ ಇದ್ದಂತೆ ಇರಲಿ. ಸುಮಾರು ಮೂರು ತಿಂಗಳು ನಡೆಸಿ, ಆಮೇಲೆ ನೋಟ್‌ಬುಕ್ ತೆರೆಯಿರಿ. ನಮ್ಮದು ತಿಂಗಳಿಗೆ 31 ಇದ್ದದ್ದು 12ಕ್ಕೆ ಬಂದಿತ್ತು. ಅದರ ಪಕ್ಕದಲ್ಲೇ ಇನ್ನೂ ಎರಡು ಸಾಲು: ಒಂದು ಕೆಜಿ ತೂಕ ಇಳಿದಿತ್ತು, ಮೂರು ದಿನಕ್ಕೊಮ್ಮೆ ಕಕ್ಕಸು. ಡಯಟೀಶಿಯನ್ ಶಕ್ತಿಯ ಲೆಕ್ಕ ಏರಿಸಿದರು, ಸೊಪ್ಪು ಹೆಚ್ಚಿಸಿದರು. ಮುಂದುವರಿಸಿದೆವು. ಐದನೇ ತಿಂಗಳಲ್ಲಿ ಒಂದು ಔಷಧದ ಡೋಸನ್ನು ಡಾಕ್ಟರೇ ಇಳಿಸಿದರು. ಮಗನ ಮಾತು ಚುರುಕಾಯಿತು.

ನಮ್ಮ ಜೊತೆಗೇ ಶುರುಮಾಡಿದ ಇನ್ನೊಂದು ಮನೆಯಲ್ಲಿ ಮೂರು ತಿಂಗಳಾದರೂ ಎಣಿಕೆ ಕದಲಲಿಲ್ಲ. ಅವರು ಡಾಕ್ಟರ ಮಾತಿನಂತೆ ನಿಧಾನಕ್ಕೆ ಬಿಟ್ಟರು. ಆ ತಾಯಿ "ನಾನೇ ಎಲ್ಲೋ ತಪ್ಪಿದೆ" ಅಂತ ಅತ್ತಳು. ಅವಳು ತಪ್ಪಿರಲಿಲ್ಲ. ಮೊದಲ ಔಷಧ ನನ್ನ ಮಗನಿಗೆ ಹಿಡಿಯದೆ ಹೋದಂತೆ, ಆ ಮಗುವಿಗೆ ಈ ಔಷಧ ಹಿಡಿಯಲಿಲ್ಲ. ಫಲ ಕೊಟ್ಟ ಮನೆಗಳಲ್ಲೂ ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ಪಥ್ಯವನ್ನು ಹಂತ ಹಂತವಾಗಿ ಸಡಿಲಿಸುತ್ತಾರೆ. ಇದನ್ನೂ ದಿಢೀರ್ ನಿಲ್ಲಿಸುವಂತಿಲ್ಲ.

ಚೀಲದಲ್ಲಿ ಇರಬೇಕಾದ ಚೀಟಿ

ವಾಂತಿಭೇದಿ, ಜ್ವರ ಬಂದು ಮಗು ಊಟ ಬಿಟ್ಟರೆ ಅವತ್ತೇ ಪಥ್ಯದ ತಂಡಕ್ಕೆ ಫೋನ್ ಮಾಡಿ. ಮಂಕಾಗಿದ್ದರೆ, ಏಳಿಸಿದರೂ ಏಳದಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ ರಕ್ತದ ಸಕ್ಕರೆ ನೋಡಿಸಿ. ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದಾಗ ಅಭ್ಯಾಸದಂತೆ ಗ್ಲೂಕೋಸ್ ಡ್ರಿಪ್ ಹಾಕಿಬಿಡುತ್ತಾರೆ. ಅದರಿಂದ ಕೀಟೋನ್ ಇಳಿದು ಫಿಟ್ಸ್ ಮರಳಬಹುದು. ನಮ್ಮ ಡಾಕ್ಟರ್ ಬರೆದು ಸಹಿ ಹಾಕಿಕೊಟ್ಟ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಒಂದನ್ನು ಶಾಲಾ ಚೀಲದಲ್ಲಿ, ಒಂದನ್ನು ನನ್ನ ಪರ್ಸಿನಲ್ಲಿ, ಒಂದನ್ನು ಅತ್ತೆಯ ಎಲೆಅಡಿಕೆ ಚೀಲದಲ್ಲಿ ಇಟ್ಟಿದ್ದೇನೆ. ಅದರಲ್ಲಿ ಇರುವುದು ಇಷ್ಟು:

"ಈ ಮಗು ಅಪಸ್ಮಾರಕ್ಕಾಗಿ ಕೀಟೋಜೆನಿಕ್ ಪಥ್ಯದಲ್ಲಿದೆ. ಮೊದಲು ರಕ್ತದ ಸಕ್ಕರೆ ಮತ್ತು ಕೀಟೋನ್ ನೋಡಿ. ಸಕ್ಕರೆ ಕಡಿಮೆ ಇದ್ದರೆ ಮಾತ್ರ ಗ್ಲೂಕೋಸ್ ಕೊಡಿ. ಡ್ರಿಪ್ ಬೇಕಾದರೆ ಗ್ಲೂಕೋಸ್ ಇಲ್ಲದ ಸಲೈನ್ ಬಳಸಿ. ಸಕ್ಕರೆ ಇರುವ ಸಿರಪ್ ಬೇಡ. ಫಿಟ್ಸ್ ಔಷಧಗಳನ್ನು ನಿಲ್ಲಿಸಬೇಡಿ." ಕೆಳಗೆ ಔಷಧಗಳ ಹೆಸರು, ಡೋಸ್, ಮಗುವಿನ ಈಗಿನ ತೂಕ, ನಮ್ಮ ಡಾಕ್ಟರ ಫೋನ್ ನಂಬರ್. ತೂಕ ಬದಲಾದಾಗಲೆಲ್ಲ ಚೀಟಿಯನ್ನು ಹೊಸದಾಗಿ ಬರೆಸುತ್ತೇನೆ.